ಮಾವನ ಬೈಕಿನ ಹನ್ನೊಂದು ಪಾಯಿಂಟ್ ಎಂಟು

"ಇನ್ನೂ ಸ್ವಲ್ಪ ಕೊಡಿ ಮಾವ."

"ಕೊಟ್ಟೆ ಮಾರಾಯ. ಇನ್ನು ಕೊಟ್ರೆ ಗಾಡಿ ಹಾರ್ತದೆ."

ಮಾವ ಸ್ಟ್ಯಾಂಡ್ ಹಾಕಿದ ಬೈಕಿನ ಮೇಲೆ ಕೂತು ಎಕ್ಸಲೇಟರ್ ತಿರುಗಿಸುತ್ತಿದ್ದರು. ನಾನು ಕೆಳಗೆ ಕುಕ್ಕರುಗಾಲಿನಲ್ಲಿ ಕೂತು ಮಲ್ಟಿಮೀಟರಿನ ಕೆಂಪು ಕಡ್ಡಿಯನ್ನು ಬ್ಯಾಟರಿಯ ಪ್ಲಸ್ಸಿಗೆ, ಕಪ್ಪು ಕಡ್ಡಿಯನ್ನು ಮೈನಸ್ಸಿಗೆ ಒತ್ತಿ ಹಿಡಿದಿದ್ದೆ. ನನ್ನ ಮಲ್ಟಿಮೀಟರಿನಲ್ಲಿ ಹದಿನಾಲ್ಕು ಪಾಯಿಂಟ್ ಒಂದು. ಬೈಕಿನ ಡ್ಯಾಶ್‌ಬೋರ್ಡಿನಲ್ಲಿ ಸ್ಪೀಡ್ ತೋರಿಸುವ ಮುಳ್ಳಿನ ಪಕ್ಕ ವೋಲ್ಟ್ ತೋರಿಸುವ ಒಂದು ಸಣ್ಣ ಮೀಟರ್ ಇದೆ. ಅದರಲ್ಲಿ ಹನ್ನೊಂದು ಪಾಯಿಂಟ್ ಎಂಟು.

"ಚಾರ್ಜಿಂಗ್ ಸರಿ ಉಂಟು ಮಾವ. ಇಂಜಿನ್ ಓಡುವಾಗ ಹದಿನಾಲ್ಕರ ಹತ್ತಿರ ಇರ್ಬೇಕು, ಉಂಟು. ನಿಮ್ಮ ಡ್ಯಾಶ್‌ಬೋರ್ಡಿನದ್ದು ಸುಳ್ಳು ಹೇಳ್ತದೆ."

"ಸುಳ್ಳು ಹೇಳುದು ನಿನ್ನದು ಯಾಕಾಗ್ಬಾರದು?"

ಇವರು ನನ್ನ ಸೋದರಮಾವ, ಅಮ್ಮನ ಅಣ್ಣ. ಮನೆ ಅಜ್ಜಾವರದಲ್ಲಿ. ಪರೀಕ್ಷೆ ಮಾಡದೆ ಮಾವ ನಂಬಿದ ಸಂಗತಿ ಈ ಭೂಮಿಯ ಮೇಲೆ ಒಂದೇ ಒಂದು, ತಾನು ಹುಟ್ಟಿದ್ದೇನೆ ಎಂಬುದು. ಅದನ್ನೂ ನಾಲ್ಕು ಜನರ ಹತ್ತಿರ ಕೇಳಿ ಖಾತ್ರಿ ಮಾಡಿಕೊಂಡಿದ್ದಾರೆ ಎಂದು ಅತ್ತೆ ಹೇಳುತ್ತಾರೆ. ನನಗೆ ಸುತ್ತಿ ಬಳಸಿ ಹೇಳಲಿಕ್ಕೆ ಬರುವುದಿಲ್ಲ. ಹತ್ತನೇ ಕ್ಲಾಸಿಗೆ ಎರಡು ಸಲ ಕೂತು ಎರಡು ಸಲವೂ ಬಿದ್ದವನು ನಾನು. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ಮಾವ ಆಗಿದ್ದರೆ ನಂಬುತ್ತಿರಲಿಲ್ಲ.

ನಾನು ಸಣ್ಣವನಿದ್ದಾಗ ಅವರ ಮನೆಯಲ್ಲಿ ನನಗೆ ಜ್ವರ ಬಂತು. ಅತ್ತೆ ಥರ್ಮಾಮೀಟರ್ ಇಟ್ಟರು. ನೂರ ಎರಡು. ಬೇರೆ ಯಾರಾದರೂ ಮಾತ್ರೆ ಕೊಡುತ್ತಿದ್ದರು. ಮಾವ ಥರ್ಮಾಮೀಟರನ್ನು ತೊಳೆದು ತಮ್ಮ ಕಂಕುಳಲ್ಲಿ ಇಟ್ಟುಕೊಂಡರು. ತೊಂಬತ್ತೆಂಟು. ಅತ್ತೆಗೆ ಇಟ್ಟರು. ತೊಂಬತ್ತೆಂಟು. "ಇವೆರಡೂ ಒಂದೇ ಮನೆಯ ಸಾಕ್ಷಿ, ಆಗುದಿಲ್ಲ" ಎಂದು ಹಟ್ಟಿಗೆ ಹೋಗಿ ಕರುವಿಗೆ ಇಟ್ಟರು. ಕರುವಿಗೆ ಎಲ್ಲಿ ಇಡುತ್ತಾರೆ ಎಂದು ಗೊತ್ತಿಲ್ಲದವರು ಗೊತ್ತಿದ್ದವರ ಹತ್ತಿರ ಕೇಳಿಕೊಳ್ಳಿ. ನನಗೆ ಇಟ್ಟದ್ದು ಮೊದಲು, ಕರುವಿಗೆ ಆಮೇಲೆ. ಈ ಸರದಿಗಾಗಿ ದೇವರಿಗೆ ಇವತ್ತಿಗೂ ಕೈ ಮುಗಿಯುತ್ತೇನೆ.

ಕರುವಿಗೆ ನೂರ ಒಂದೂವರೆ ಬಂತು. ಹಾಗಾದರೆ ಇಬ್ಬರಿಗೂ ಜ್ವರ ಎಂದು ತೀರ್ಮಾನವಾಯಿತು. ಇಬ್ಬರಿಗೂ ಕರಿಮೆಣಸಿನ ಕಷಾಯ. ಕರು ನನಗಿಂತ ಚೆನ್ನಾಗಿ ಕುಡಿಯಿತು. ಮರುದಿನ ನನ್ನ ಜ್ವರ ಬಿಟ್ಟಿತು, ಕರುವಿನದ್ದು ಬಿಡಲಿಲ್ಲ. ಮೂರು ದಿನ ಕಷಾಯ ಕುಡಿಸಿದರೂ ನೂರ ಒಂದೂವರೆ. ಅತ್ತೆಯ ತವರು ಕಡಬದ ಆಚೆ ಕೊಯಿಲದಲ್ಲಿ. ಅಲ್ಲಿನ ಸರಕಾರಿ ದನದ ಫಾರ್ಮಿನಲ್ಲಿ ಅತ್ತೆಯ ತಮ್ಮನಿಗೆ ಕೆಲಸ. ಕೊನೆಗೆ ಅವರಿಗೆ ಫೋನು ಹೋಯಿತು.

"ಭಾವ, ಕರುವಿಗೆ ಇರುವುದೇ ಅಷ್ಟು."

"ಇದನ್ನು ಮೊದಲೇ ಹೇಳ್ಬಹುದಿತ್ತಲ್ಲ ನಿನಗೆ?"

"ಅಳಿಯನ ಜ್ವರ ನೋಡ್ಲಿಕ್ಕೆ ನೀವು ಹಟ್ಟಿಗೆ ಹೋಗ್ತೀರಿ ಅಂತ ನನಗೆಂತ ಕನಸು ಬಿದ್ದಿತ್ತಾ?"

ಹಾಗೆಂದು ಮಾವನನ್ನು ಯಾರೂ ಹುಚ್ಚ ಎನ್ನುವುದಿಲ್ಲ. ಅವರ ಅನುಮಾನಕ್ಕೆ ಊರಿನಲ್ಲಿ ಬೆಲೆ ಇದೆ. ಅವರ ಕೆಲಸ ಮಳೆಗಾಲದಲ್ಲಿ ಅಡಿಕೆ ಕೊಳೆಯದ ಹಾಗೆ ಮರಗಳಿಗೆ ಮದ್ದು ಬಿಡಿಸುವುದು. ಮೈಲುತುತ್ತು ಮತ್ತು ಸುಣ್ಣವನ್ನು ಬೇರೆ ಬೇರೆ ಕರಗಿಸಿ ಕೂಡಿಸಿದರೆ ಆಗುವ ನೀಲಿ ನೀರೇ ಮದ್ದು. ಸುಣ್ಣ ಕಡಿಮೆಯಾದರೆ ಎಳೆ ಕಾಯಿ ಸುಟ್ಟುಹೋಗುತ್ತದೆ. ಹದ ನೋಡಲಿಕ್ಕೆ ಮಾವ ಅದರಲ್ಲಿ ಕತ್ತಿ ಅದ್ದುತ್ತಾರೆ. ಕಬ್ಬಿಣಕ್ಕೆ ತಾಮ್ರದ ಕೆಂಪು ಹಿಡಿದರೆ ಸುಣ್ಣ ಸಾಲದು ಎಂದರ್ಥ. ಕತ್ತಿ ಎತ್ತಿ, ಬೆಳಕಿಗೆ ತಿರುಗಿಸಿ ನೋಡಿ, ಮಾವ "ಹೂಂ" ಎಂದ ಮೇಲೆಯೇ ಜನ ಮರ ಹತ್ತುವುದು. ಅವರು ಹೂಂ ಎಂದ ಮದ್ದಿಗೆ ಒಂದು ಕಾಯಿ ಸುಟ್ಟದ್ದನ್ನು ಅಜ್ಜಾವರದಲ್ಲಿ ಯಾರೂ ಕಂಡಿಲ್ಲ.

ಮದ್ದಿಗೆ ಶುರುವಾದ ಆ ಹೂಂ ಮೆಲ್ಲ ಮೆಲ್ಲ ಊರಿನ ಎಲ್ಲದಕ್ಕೂ ಹಬ್ಬಿತು. ನಮ್ಮ ಕಡೆ ಒಂದು ಹೊಸ ಸಲೂನು ತೆರೆದಾಗ ಯಾರೂ ಒಳಗೆ ಹೋಗಲಿಲ್ಲ, ಮಾವ ಹೋಗಲಿ ಎಂದು ಕಾದರು. ಮಾವ ಹೋದರು. ಎಡಗೆನ್ನೆ ಮಾತ್ರ ಬೋಳಿಸಿಕೊಂಡು ಎದ್ದರು. ಬಲಗೆನ್ನೆಯನ್ನು ಹಳೆಯ ಸಲೂನಿನಲ್ಲಿ ಬೋಳಿಸಿಕೊಂಡರು. ಯಾವ ಕಡೆ ಮೊದಲು ಒರಟಾಗುತ್ತದೆ ಎಂದು ಮೂರು ದಿನ ದಾರಿಯಲ್ಲಿ ಸಿಕ್ಕವರಿಗೆಲ್ಲ ಕೆನ್ನೆ ಕೊಟ್ಟು ಮುಟ್ಟಿ ನೋಡಲು ಹೇಳಿದರು. ಒಂದು ಮದುವೆ ಮನೆಯಲ್ಲಿ ಮದುಮಗನೂ ಮುಟ್ಟಿದ. ನಾಲ್ಕನೆಯ ದಿನ "ಎರಡೂ ಒಂದೇ" ಎಂದರು. ಹೊಸ ಸಲೂನಿನ ಎದುರು ಈಗ ಭಾನುವಾರ ನಿಲ್ಲಲಿಕ್ಕೆ ಜಾಗ ಇಲ್ಲ.

ಈಗ ನನ್ನ ಕಷ್ಟ ನಿಮಗೆ ಗೊತ್ತಾಗಬಹುದು.

ಪುತ್ತೂರಿನ ಒಂದು ಗ್ಯಾರೇಜಿನಲ್ಲಿ ಆರು ವರ್ಷ ದುಡಿದು, ಸುಳ್ಯದಿಂದ ಅಜ್ಜಾವರಕ್ಕೆ ಹೋಗುವ ದಾರಿಯಲ್ಲಿ ನಾನು ಸ್ವಂತ ಅಂಗಡಿ ತೆರೆದು ಹನ್ನೆರಡು ದಿನವಾಗಿತ್ತು. ಹನ್ನೆರಡು ದಿನದಲ್ಲಿ ಗಾಳಿ ತುಂಬಿಸಲಿಕ್ಕೆ ಬಂದವರು ನಾಲ್ಕು ಜನ, ದಾರಿ ಕೇಳಲಿಕ್ಕೆ ಬಂದವರು ಏಳು ಜನ. ಪಕ್ಕದ ಹೋಟೆಲಿನವರು ದಿನಾ ಚಾ ತಂದುಕೊಟ್ಟು ಒಂದೇ ಪ್ರಶ್ನೆ ಕೇಳುತ್ತಿದ್ದರು, "ಮಾವ ಗಾಡಿ ತಂದ್ರಾ?" ಒಬ್ಬ ರಿಕ್ಷಾದವನು ಎದುರಿನ ಮರದ ಅಡಿಯಲ್ಲಿ ರಿಕ್ಷಾ ನಿಲ್ಲಿಸಿಕೊಂಡು ಅದರ ಇಂಜಿನಿನಿಂದ ಬರುವ ಟಕ ಟಕ ಶಬ್ದವನ್ನು ನನಗೆ ಕೇಳಿಸುತ್ತಿದ್ದ. ರಿಪೇರಿಗೆ ಮಾತ್ರ ಕೊಡುತ್ತಿರಲಿಲ್ಲ. "ನಿನ್ನ ಮಾವನದ್ದು ಮೊದ್ಲು ಆಗ್ಲಿ ಮಾರಾಯ" ಎನ್ನುತ್ತಿದ್ದ. ಪುತ್ತೂರಿನ ಯಜಮಾನರು ನಾನು ಹೊರಡುವಾಗಲೇ ಹೇಳಿದ್ದರು, "ಆರು ತಿಂಗಳಲ್ಲಿ ವಾಪಾಸು ಬರ್ತೀ, ನಿನ್ನ ಕೆಲಸದ ಡ್ರೆಸ್ಸು ಅಲ್ಲೇ ಮೊಳೆಯಲ್ಲಿ ಇರ್ಲಿ." ಮಾವ ನನ್ನ ಕೆಲಸಕ್ಕೆ ಹೂಂ ಎಂದರೆ ಅಂಗಡಿ ಉಳಿಯುತ್ತದೆ. ಊಹೂಂ ಎಂದರೆ ಆ ಡ್ರೆಸ್ಸೇ ಗತಿ. ಆರು ತಿಂಗಳು ಬೇಡ, ಆರು ದಿನ ಸಾಕು.

ಹದಿಮೂರನೆಯ ದಿನ ಬೆಳಿಗ್ಗೆ ಮಾವ ಗಾಡಿ ತಂದರು. ಎಂತ ತೊಂದರೆ ಎಂದು ಕೇಳಿದೆ. "ಬ್ಯಾಟರಿ ಉಪವಾಸ ಬಿದ್ದಿದೆ" ಎಂದರು. ಒಂದು ತಿಂಗಳಿನಿಂದ ಡ್ಯಾಶ್‌ಬೋರ್ಡಿನ ಮೀಟರು ಹನ್ನೊಂದು ಪಾಯಿಂಟ್ ಎಂಟರಿಂದ ಮೇಲೆ ಹೋಗುತ್ತಿಲ್ಲವಂತೆ.

ಇಲ್ಲಿ ನೀವು ಕೇಳಬೇಕಾದ ಪ್ರಶ್ನೆ ಒಂದಿದೆ. ಯಾರನ್ನೂ ನಂಬದ ಮನುಷ್ಯ ಹೆಬ್ಬೆರಳಿನ ಗಾತ್ರದ ಆ ಮೀಟರನ್ನು ಹೇಗೆ ನಂಬಿದರು? ನಾನೂ ಕೇಳಿದೆ.

"ಅದು ಒಳ್ಳೆ ಸುದ್ದಿ ಹೇಳುದಿಲ್ಲ ನೋಡು. ಸುಳ್ಳು ಹೇಳುವವ ಯಾವಾಗ್ಲೂ ಒಳ್ಳೆ ಸುದ್ದಿಯೇ ಹೇಳುದು. ನಿನ್ನದು ಹದಿನಾಲ್ಕು ಹೇಳ್ತದೆ, ಅದಕ್ಕೇ ನನಗೆ ಡೌಟು."

ನನಗೆ ಮಂಡೆಬಿಸಿಯಾಯಿತು.

ಬ್ಯಾಟರಿ ಉಪವಾಸ ಇದೆ ಎಂದು ಗೊತ್ತಾದ ಮೇಲೆ ಮಾವ ಸುಮ್ಮನೆ ಕೂತಿರಲಿಲ್ಲ. ಒಂದು ತಿಂಗಳಿನಿಂದ ಕರೆಂಟು ಉಳಿಸುತ್ತಿದ್ದರು. ಹಾರ್ನ್ ಬಂದ್. ತಿರುವಿನಲ್ಲಿ ಬಾಯಿಯಲ್ಲೇ "ಹೋಯ್" ಎಂದು ಬೊಬ್ಬೆ. ಬ್ರೇಕ್ ಹಿಡಿದರೆ ಹಿಂದೆ ಲೈಟ್ ಉರಿಯುತ್ತದೆ ಎಂದು ಎರಡೂ ಕಾಲು ನೆಲಕ್ಕೆ ಉಜ್ಜಿ ನಿಲ್ಲಿಸುತ್ತಿದ್ದರು. ಎರಡು ಜೊತೆ ಚಪ್ಪಲಿ ಹೋಯಿತು. ಇಂಡಿಕೇಟರ್ ಬಂದ್. ಅದರ ಬದಲಿಗೆ ಅತ್ತೆ. ಹಿಂದೆ ಕೂತ ಅತ್ತೆ, ಮಾವ "ಎಡ" ಎಂದರೆ ಎಡಗೈ, "ಬಲ" ಎಂದರೆ ಬಲಗೈ ಚಾಚಬೇಕು. ಹೀಗೆ ಇಬ್ಬರೂ ಕೊಯಿಲಕ್ಕೆ ಹೋಗುವಾಗ ಕಡಬದ ಹತ್ತಿರ ಅತ್ತೆ ಬಲಗೈ ಚಾಚಿದ್ದೇ ಚಾಚಿದ್ದು, ಎದುರಿನಿಂದ ಬರುತ್ತಿದ್ದ ಬಸ್ಸು ಗಕ್ಕನೆ ನಿಂತಿತು. ಕಂಡಕ್ಟರ್ ಬಾಗಿಲಿನಿಂದ ತಲೆ ಹೊರಗೆ ಹಾಕಿ, "ಬೇಗ ಹತ್ತಿ ಅಕ್ಕ, ಟೈಮ್ ಆಯ್ತು" ಎಂದನಂತೆ.

"ಹತ್ತಿಯೇಬಿಡುವ ಅಂತ ಕಂಡಿತು ನನಗೆ" ಎಂದು ಅತ್ತೆ ಈಗಲೂ ಹೇಳುತ್ತಾರೆ.

ನಾನು ಮಾವನಿಗೆ ತಿಳಿಯುವ ಹಾಗೆ ಹೇಳಿ ನೋಡಿದೆ. ಇಂಜಿನ್ ಬಂದ್ ಮಾಡಿ ಕೀ ಆನ್ ಇಟ್ಟೆ. ಬ್ಯಾಟರಿಯಲ್ಲಿ ಹನ್ನೆರಡು ಪಾಯಿಂಟ್ ಏಳು, ಡ್ಯಾಶ್‌ಬೋರ್ಡಿನಲ್ಲಿ ಹತ್ತೂವರೆ.

"ಹತ್ತೂವರೆಗೆ ಇಳಿದ ಬ್ಯಾಟರಿಯಲ್ಲಿ ಸೆಲ್ಫ್ ತಿರುಗುದೇ ಕಷ್ಟ ಮಾವ. ಈಗ ಒತ್ತಿ ನೋಡಿ."

ಒತ್ತಿದರು. ಅರ್ಧ ಸುತ್ತಿಗೆ ಸ್ಟಾರ್ಟ್.

"ಅದು ಗಾಡಿಯ ಒಳ್ಳೆತನ" ಎಂದರು ಮಾವ.

ಅಷ್ಟು ಹೊತ್ತಿಗೆ ಹೋಟೆಲಿನವರು ಕೈ ಒರೆಸಿಕೊಂಡು ಬಂದು ನಿಂತಿದ್ದರು. ರಿಕ್ಷಾದವನೂ ಬಂದ.

"ನಿನ್ನ ಮೀಟರ್ ಕೊಡು ಇಲ್ಲಿ" ಎಂದರು ಮಾವ.

ಶುರುವಾಯಿತು ಮೆರವಣಿಗೆ. ಮೊದಲು ರಿಕ್ಷಾ, ಹದಿಮೂರು ಪಾಯಿಂಟ್ ಒಂಬತ್ತು. ಆಮೇಲೆ ಹೋಟೆಲಿನವರ ಸ್ಕೂಟರು, ಹದಿನಾಲ್ಕು ಪಾಯಿಂಟ್ ಎರಡು. ಎಲ್ಲ ಸರಿಯಾಗಿಯೇ ಇತ್ತು. ನಾನು ಉಸಿರು ಬಿಟ್ಟೆ. ಅದೇ ಹೊತ್ತಿಗೆ ಚಾ ಕುಡಿಯಲಿಕ್ಕೆ ಒಂದು ಲಾರಿ ಬಂದು ನಿಲ್ಲಬೇಕೇ? ಡ್ರೈವರ್ ಇಂಜಿನ್ ಬಂದ್ ಮಾಡುವ ಮೊದಲೇ ಮಾವ ಹೋಗಿ ಅವನನ್ನು ಒಪ್ಪಿಸಿ, ಬ್ಯಾಟರಿಗೆ ಕಡ್ಡಿ ಮುಟ್ಟಿಸಿದರು. ನಾನು ಅಲ್ಲಿಗೆ ಓಡಿ ಮೀಟರಿನ ಸ್ವಿಚ್ಚನ್ನು ದೊಡ್ಡ ವೋಲ್ಟಿಗೆ ತಿರುಗಿಸಿಕೊಟ್ಟೆ.

ಇಪ್ಪತ್ತೆಂಟು.

ಮಾವ ಮೆಲ್ಲನೆ ನನ್ನ ಕಡೆ ತಿರುಗಿದರು. "ಇಪ್ಪತ್ತೆಂಟು ಹೇಳ್ತದೆ ಅಳಿಯ. ನಿನ್ನ ಮೀಟರಿಗೆ ಮಂಡೆ ಸರಿ ಇಲ್ಲ."

ರಿಕ್ಷಾದವನು ಹೋಟೆಲಿನವರ ಮುಖ ನೋಡಿದ. ಹೋಟೆಲಿನವರು ನನ್ನ ಅಂಗಡಿಯ ಬೋರ್ಡು ನೋಡಿದರು. ಆ ಬೋರ್ಡಿನ ಬಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ.

"ಅಣ್ಣ, ಲಾರಿಗೆ ಎರಡು ಬ್ಯಾಟರಿ" ಎಂದ ಡ್ರೈವರ್, ಚಾದ ಗ್ಲಾಸು ಹಿಡಿದುಕೊಂಡು.

ಮಾವ ಬಗ್ಗಿ ಎಣಿಸಿದರು. ಎರಡು ಹೌದು. ಬೆರಳು ಮಡಿಸಿ ಭಾಗಿಸಿದರು. "ಒಂದಕ್ಕೆ ಹದಿನಾಲ್ಕು. ಸರಿ ಉಂಟು." ಸ್ವಲ್ಪ ಬೇಜಾರಿನಲ್ಲೇ ಹೇಳಿದ ಹಾಗಿತ್ತು.

ನಾನು ಗೆದ್ದೆ ಎಂದುಕೊಂಡೆ. "ಹಾಗಾದ್ರೆ ಡ್ಯಾಶ್‌ಬೋರ್ಡಿನದ್ದು ಕಿತ್ತು ಬಿಸಾಡುವ. ಹೊಸತು ಹಾಕಿ ಕೊಡ್ತೇನೆ, ಹತ್ತು ನಿಮಿಷ."

"ಯಾಕೆ ಬಿಸಾಡುದು? ನಿನ್ನ ಮೀಟರೂ ಸರಿ ಉಂಟು, ನನ್ನದೂ ಸರಿ ಉಂಟು."

"ಒಂದೇ ಬ್ಯಾಟರಿಗೆ ಎರಡು ಲೆಕ್ಕ ಹೇಗೆ ಸರಿ ಆಗ್ತದೆ ಮಾವ?"

"ಅದನ್ನು ನೀನು ಹೇಳ್ಬೇಕು. ಮೆಕ್ಯಾನಿಕ್ ಯಾರು, ನೀನಾ ನಾನಾ?"

ನನಗೆ ಸಿಟ್ಟು ಬಂತು. ಸ್ಪ್ಯಾನರ್ ಎತ್ತಿ ಡಬ್ಬಕ್ಕೆ ಬಿಸಾಡಿದೆ. ಬಿಸಾಡಿದ ಮೇಲೆ ಆ ಮಾತು ತಲೆಗೆ ಹತ್ತಿತು. ಎರಡೂ ಸರಿ ಇರಬಹುದು. ಬ್ಯಾಟರಿಯಲ್ಲಿ ಹದಿನಾಲ್ಕು ಇದೆ, ಡ್ಯಾಶ್‌ಬೋರ್ಡಿನ ಮೀಟರಿಗೆ ಮುಟ್ಟುವುದು ಹನ್ನೊಂದು ಪಾಯಿಂಟ್ ಎಂಟು. ತನಗೆ ಮುಟ್ಟಿದ್ದನ್ನು ಅದು ಹೇಳುತ್ತಿದೆ. ಅದನ್ನು ಬಿಸಾಡಿ ಹೊಸತು ಹಾಕಿದ್ದರೆ ಹೊಸತೂ ಹನ್ನೊಂದು ಪಾಯಿಂಟ್ ಎಂಟನ್ನೇ ಹೇಳುತ್ತಿತ್ತು, ಇಡೀ ಊರಿನ ಎದುರು. ನಾನು ಅಲ್ಲಿಗೇ ಮುಗಿದಿರುತ್ತಿದ್ದೆ.

ಬಾಕಿ ವೋಲ್ಟು ಎಲ್ಲಿ ಹೋಗುತ್ತದೆ ಎಂದು ಹುಡುಕುವುದು ದೊಡ್ಡ ವಿದ್ಯೆ ಅಲ್ಲ. ಮಾವನನ್ನು ಮತ್ತೆ ಗಾಡಿಯ ಮೇಲೆ ಕೂರಿಸಿ ಇಂಜಿನ್ ಸ್ಟಾರ್ಟ್ ಮಾಡಿಸಿದೆ. ಕಪ್ಪು ಕಡ್ಡಿಯನ್ನು ಬ್ಯಾಟರಿಯ ಮೈನಸ್ಸಿನಲ್ಲೇ ಇಟ್ಟೆ. ಕೆಂಪು ಕಡ್ಡಿಯನ್ನು ಡ್ಯಾಶ್‌ಬೋರ್ಡಿನ ಮೀಟರಿನ ಹಿಂದೆ ಇರುವ ಕಪ್ಪು ವಯರಿಗೆ, ಅಂದರೆ ಅದರ ಅರ್ತ್ ವಯರಿಗೆ ಮುಟ್ಟಿಸಿದೆ. ಎರಡೂ ಮೈನಸ್ಸು. ನಡುವೆ ಸೊನ್ನೆ ಬರಬೇಕು, ತಪ್ಪಿದರೂ ಸೊನ್ನೆಯ ಹತ್ತಿರವೇ ಬರಬೇಕು.

ಎರಡು ಪಾಯಿಂಟ್ ಮೂರು ಬಂತು.

ಮಾವ ಗಾಡಿಯ ಮೇಲೆಯೇ ಬಾಯಿಲೆಕ್ಕ ಮಾಡಿದರು. "ಹನ್ನೊಂದು ಎಂಟು, ಎರಡು ಮೂರು. ಹದಿನಾಲ್ಕು ಒಂದು." ಹೋಟೆಲಿನವರು "ಎಂತ ಆಯ್ತು ಈಗ?" ಎಂದರು.

"ಅರ್ತ್ ಹೋಗಿದೆ. ಬ್ಯಾಟರಿ, ಚಾರ್ಜಿಂಗ್, ಎರಡು ಮೀಟರ್, ಎಲ್ಲ ಸರಿ ಉಂಟು. ನಡುವೆ ಒಂದು ವಯರ್ ಹಾಳಾಗಿದೆ" ಎಂದೆ.

ಆ ವಯರ್ ಹೆಡ್‌ಲೈಟಿನ ಒಳಗೆ ಹೋಗಿತ್ತು. ಸ್ಕ್ರೂ ಬಿಚ್ಚಿ ಹೆಡ್‌ಲೈಟ್ ಎಳೆದೆ. ಒಳಗೆ ಎಲ್ಲ ಹಸಿರು ಪುಡಿ, ಪಾಚಿ ಕಟ್ಟಿದ ಹಾಗೆ. ವಯರಿನ ತಾಮ್ರ ಅರ್ಧ ತಿಂದು ಹೋಗಿತ್ತು.

ಮಾವ ಗಾಡಿಯಿಂದ ಇಳಿದು ಬಂದು ಮೂಗು ಒಳಗೆ ಹಾಕಿದರು. ಯಾವ ಪರೀಕ್ಷೆಯೂ ಬೇಕಾಗಲಿಲ್ಲ. "ಇದು ತುತ್ತು" ಎಂದರು.

ಅವರ ಕೆಲಸದ ಕ್ರಮ ಊರಿಗೆಲ್ಲ ಗೊತ್ತು. ಮೈಲುತುತ್ತನ್ನು ಮನೆಯಲ್ಲೇ ನೀರಿಗೆ ಹಾಕಿ ಕರಗಿಸಿ, ಆ ಪ್ಲಾಸ್ಟಿಕ್ ಬಾಲ್ದಿಯನ್ನು ಬೈಕಿನ ಹ್ಯಾಂಡಲಿಗೆ ನೇತು ಹಾಕಿಕೊಂಡು ತೋಟಕ್ಕೆ ಹೋಗುವುದು. ತೋಟದಲ್ಲಿ ಕರಗಿಸಲಿಕ್ಕೆ ಹೊತ್ತು ಹಿಡಿಯುತ್ತದೆ, ಮಳೆ ಬಿಟ್ಟ ಎರಡು ಗಂಟೆ ಅದಕ್ಕೇ ಹೋಗುತ್ತದೆ ಎಂದು ಅವರ ಲೆಕ್ಕ. ರಸ್ತೆಯ ಪ್ರತಿ ಗುಂಡಿಗೆ ತುತ್ತಿನ ನೀರಿನ ಒಂದು ಚಿಮುಕು ಹೆಡ್‌ಲೈಟಿನ ಸಂದಿಗೆ. ಊರಿನ ಅಡಿಕೆಗೆಲ್ಲ ಮದ್ದು ಬಿಡಿಸುವಾಗ ಸ್ವಂತ ಬೈಕಿಗೂ ಬಿಟ್ಟಿದ್ದಾರೆ. ಆದರೆ ಸುಣ್ಣ ಕೂಡಿಸದೆ.

ನಾನು ನಕ್ಕೆ. ಹೋಟೆಲಿನವರೂ ನಕ್ಕರು. ನಗುತ್ತಾ ವಯರನ್ನು ಹೊರಗೆ ಎಳೆದೆ. ಅದರ ತುದಿ ಬಂತು. ನನ್ನ ನಗು ನಿಂತಿತು.

ತುದಿಯಲ್ಲಿ ಒಂದು ಜಾಯಿಂಟ್ ಇತ್ತು. ಎರಡು ವಯರನ್ನು ಬರೇ ಕೈಯಲ್ಲಿ ತಿರುಚಿ, ಮೇಲಿನಿಂದ ಕೆಂಪು ಟೇಪು ಸುತ್ತಿದ್ದು. ಸೀಸ ಕರಗಿಸಿ ಬೆಸೆದ ಸೋಲ್ಡರ್ ಇಲ್ಲ, ಮೇಲೆ ಪ್ಲಾಸ್ಟಿಕ್ ಸ್ಲೀವ್ ಇಲ್ಲ. ಅರ್ತಿನ ವಯರಿಗೆ ಕೆಂಪು ಟೇಪು ಯಾರೂ ಸುತ್ತುವುದಿಲ್ಲ. ಸರಿಯಾಗಿ ಮಾಡಿದ ಜಾಯಿಂಟ್ ಆಗಿದ್ದರೆ ತುತ್ತಿನ ನೀರಿನ ಬಾಲ್ದಿಯೇ ಬಿದ್ದರೂ ಎಂತದೂ ಆಗುತ್ತಿರಲಿಲ್ಲ.

ಈ ಮೀಟರ್ ಕೂರಿಸಿದ್ದು ಯಾರು ಎಂದು ಇಷ್ಟು ಹೊತ್ತು ನಾನು ಹೇಳಲಿಲ್ಲ. ನಾನೇ. ಪುತ್ತೂರಿಗೆ ಕೆಲಸ ಕಲಿಯಲಿಕ್ಕೆ ಹೋದ ಮೊದಲ ತಿಂಗಳು, ರಜೆಯಲ್ಲಿ ಬಂದು, ದೊಡ್ಡ ಮೆಕ್ಯಾನಿಕ್ ಹಾಗೆ ಮಾವನ ಅಂಗಳದಲ್ಲಿ ಕೂತು ಹಾಕಿಕೊಟ್ಟದ್ದು. ಕಪ್ಪು ಟೇಪು ಮುಗಿದಿತ್ತು. ಹತ್ತನೇ ಕ್ಲಾಸಿನಲ್ಲಿ ಬಿದ್ದ ಹುಡುಗ ಎಂದು ನೆಂಟರೆಲ್ಲ ನಗುತ್ತಿದ್ದ ಕಾಲ. ಅವತ್ತು ಮಾವ ಆ ಮೀಟರನ್ನು ನೋಡಿ ಒಂದೂ ಪ್ರಶ್ನೆ ಕೇಳಿರಲಿಲ್ಲ. ಆಗ ನನಗೆ ಅದು ದೊಡ್ಡದಾಗಿ ಕಾಣಲಿಲ್ಲ.

ರಿಕ್ಷಾದವನು ಬಗ್ಗಿದ. "ಯಾರು ಮಾರಾಯ ಈ ಜಾಯಿಂಟ್ ಹೊಡೆದದ್ದು? ಮಕ್ಕಳಾಟ ಮಾಡಿದ ಹಾಗೆ ಉಂಟು."

ನಾನು ಎಂದು ಹೇಳಲಿಕ್ಕೆ ಬಾಯಿ ತೆರೆದೆ, ಸತ್ಯ ಹೇಳಬೇಕೆಂದೇ ತೆರೆದೆ. ಮಾವನ ಕೈ ನಡುವೆ ಬಂದು ಆ ಜಾಯಿಂಟನ್ನು ಮುಚ್ಚಿ ಹಿಡಿಯಿತು.

"ಕಟ್ ಮಾಡು ಇದನ್ನು."

ಕಟ್ ಮಾಡಿದೆ. ಮಾವ ತುಂಡನ್ನು ಅಂಗಿಯ ಕಿಸೆಗೆ ಹಾಕಿಕೊಂಡರು. ರಿಕ್ಷಾದವನ ಕಡೆ ತಿರುಗಿ, "ನಾನೇ ಸುತ್ತಿದ್ದು. ನನಗೆ ಈ ಕೆಲಸ ಬರ್ತದಾ? ಬಾಲ್ದಿ ನೇತು ಹಾಕಿದ್ದೂ ನಾನೇ" ಎಂದರು.

ಮಾವ ಸುಳ್ಳು ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಬೇರೆ ಯಾರಿಗೂ ಅದು ಗೊತ್ತಾಗಲಿಲ್ಲ.

ನಾನು ತಲೆ ಎತ್ತಲಿಲ್ಲ. ಹೊಸ ವಯರ್ ತೆಗೆದುಕೊಂಡೆ. ಹಸಿರು ಹಿಡಿದದ್ದನ್ನೆಲ್ಲ ಕೆರೆದು ತೆಗೆದೆ. ಸೋಲ್ಡರ್ ಮಾಡಿ, ಸ್ಲೀವ್ ಹಾಕಿ, ಬಿಸಿ ಮಾಡಿ ಕೂರಿಸಿದೆ. ತುದಿಗೆ ತಾಮ್ರದ ಸಣ್ಣ ಬಳೆ ಒತ್ತಿ ಕೂರಿಸಿ ಬೋಲ್ಟಿಗೆ ಬಿಗಿದೆ. ಕಣ್ಣಿಗೆ ಎಂತದೋ ಬಿದ್ದ ಹಾಗಾಗಿ ಎರಡು ಸಲ ಸ್ಕ್ರೂ ಕೈತಪ್ಪಿತು. ಇಂಜಿನ್ ಸ್ಟಾರ್ಟ್ ಮಾಡಿ ನಾನೇ ಎಕ್ಸಲೇಟರ್ ಕೊಟ್ಟೆ. ಡ್ಯಾಶ್‌ಬೋರ್ಡಿನಲ್ಲಿ ಹದಿನಾಲ್ಕು ಪಾಯಿಂಟ್ ಒಂದು.

"ನೋಡಿ ಮಾವ" ಎಂದೆ.

ಮಾವ ನೋಡಲಿಲ್ಲ. ಹೆಲ್ಮೆಟ್ ಹಾಕಿಕೊಂಡು ರಿಕ್ಷಾದವನಿಗೆ ಹೇಳಿದರು, "ಆ ಟಕ ಟಕ ಎಷ್ಟು ದಿನ ಇಟ್ಟುಕೊಳ್ತಿ? ತಂದು ನಿಲ್ಲಿಸು ಇಲ್ಲಿ."

ರಿಕ್ಷಾದವನಿಗೆ ಆಶ್ಚರ್ಯ. "ಮೀಟರ್ ನೋಡುದಿಲ್ವಾ ನೀವು? ಎಷ್ಟು ಬಂತು ಅಂತ ಒಮ್ಮೆ ನೋಡಿ ಮಾರಾಯ್ರೆ."

"ಇವ ನೋಡಿದ್ದಾನಲ್ಲ" ಎಂದು ಮಾವ ಗೇರ್ ಹಾಕಿ ಹೊರಟರು.

ಇಷ್ಟೇ. ಇನ್ನು ಹೇಳಲಿಕ್ಕೆ ನನ್ನ ಹತ್ತಿರ ಎಂತದೂ ಇಲ್ಲ.